ಬ್ಯಾಡಗಿಯ ತೇವಾಂಶ ಮತ್ತು ಎಂಜಿನಿಯರುಗಳ ಸಮ್ಮೇಳನ

ಕೃಷಿ ಎಂಜಿನಿಯರುಗಳ ಮೂರು ದಿನಗಳ ವಾರ್ಷಿಕ ಸಮ್ಮೇಳನ ಮುಗಿಸಿ ಊರಿಗೆ ಹೊರಟವನು ದಾರಿಯಲ್ಲಿ ಬ್ಯಾಡಗಿಯಲ್ಲಿ ಇಳಿದುಕೊಂಡೆ. ಅಂದು ಗುರುವಾರ, ಮೆಣಸಿನಕಾಯಿ ಮಾರುಕಟ್ಟೆಯ ದಿನ. ಹೆಗಲಲ್ಲಿ ಸಮ್ಮೇಳನದವರು ಕೊಟ್ಟ ಸೆಣಬಿನ ಚೀಲವಿತ್ತು. ಅದರೊಳಗೆ ನೂರಾರು ಪ್ರಬಂಧಗಳ ಸಾರಾಂಶ ಹೊತ್ತ ದಪ್ಪ ಪುಸ್ತಕ, ಒಂದು ಪೆನ್ನು, ಕೊರಳಿನಿಂದ ತೆಗೆದಿಟ್ಟ ಗುರುತಿನ ಚೀಟಿ. ಪ್ರಾಂಗಣದೊಳಗೆ ಕಾಲಿಡುತ್ತಿದ್ದಂತೆ ಘಾಟಿಗೆ ಕೆಮ್ಮು ಒತ್ತರಿಸಿ ಬಂತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂಬುದು ನಾಲಿಗೆಗೆ ಸಲ್ಲುವ ಮಾತೇ ಹೊರತು ಮೂಗಿಗಲ್ಲ.

ದಲಾಲಿ ಅಂಗಡಿಯೊಂದರ ಮುಂದೆ ಬಾಯಿ ಬಿಚ್ಚಿದ ಚೀಲಗಳ ಸಾಲು. ಖರೀದಿದಾರರ ಕಡೆಯ ಯುವಕನೊಬ್ಬ ಒಂದೊಂದು ಚೀಲಕ್ಕೂ ಕೈ ಇಳಿಸಿ, ಒಳಗಿನಿಂದ ಹಿಡಿ ಕಾಯಿ ತೆಗೆದು, ಮುಷ್ಟಿಯಲ್ಲಿ ಅದುಮಿ, ಕಿವಿಯ ಬಳಿ ಅಲುಗಿಸಿ ಮುಂದೆ ಸರಿಯುತ್ತಿದ್ದ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಗಲಗಲ ಎನ್ನುತ್ತದೆ. ಹಸಿ ಉಳಿದಿದ್ದರೆ ಸದ್ದಿಲ್ಲ. ಬಳ್ಳಾರಿ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಹಿರಿಯ ರೈತರೊಬ್ಬರು ಚೀಲಗಳ ಪಕ್ಕದಲ್ಲೇ ಕುಳಿತಿದ್ದರು. ‘ಏನೆಂದರು ಯಜಮಾನರೇ?’ ಎಂದು ಕೇಳಿದೆ. ‘ಏನಂತಾರ ತಮ್ಮಾ, ಹಸಿ ಐತಿ ಅಂದ್ರು. ನನ್ನ ಕೈಗೆ ಒಣಗೇತಿ, ಅವರ ಕೈಗೆ ಹಸಿ ಐತಿ’ ಎಂದರು. ದರ ನಮೂದಿಸಲು ಕಂಪ್ಯೂಟರ್ ಬಂದಿದೆ, ಇ-ಟೆಂಡರ್ ಬಂದಿದೆ. ಆ ದರವನ್ನು ಏರಿಳಿಸುವ ತೇವಾಂಶ ಮಾತ್ರ ನನ್ನ ಕಣ್ಣೆದುರೇ ಬೆರಳ ತುದಿಯಲ್ಲಿ ತೀರ್ಮಾನವಾಗುತ್ತಿತ್ತು.

ಹಿಂದಿನ ದಿನವಷ್ಟೇ ಹವಾನಿಯಂತ್ರಿತ ಸಭಾಂಗಣದಲ್ಲಿ ಇದೇ ವಿಷಯದ ಗೋಷ್ಠಿ ನಡೆದಿತ್ತು. ಸೌರಶಕ್ತಿಯ ಒಣಗಣೆ ಯಂತ್ರದಲ್ಲಿ ಮೆಣಸಿನಕಾಯಿ ಒಣಗುವ ಬಗೆಯನ್ನು ಯುವ ಸಂಶೋಧಕಿಯೊಬ್ಬರು ಅಚ್ಚುಕಟ್ಟಾಗಿ ವಿವರಿಸಿದರು. ಪರದೆಯ ಮೇಲೆ ಸುಂದರವಾದ ವಕ್ರರೇಖೆಗಳು ಮೂಡಿದವು. ಹತ್ತು ನಿಮಿಷಕ್ಕೆ ಅಧ್ಯಕ್ಷರು ಗಂಟೆ ಬಾರಿಸಿದರು. ಪ್ರಶ್ನೆಗಳೂ ಬಂದವು: ಗಾಳಿಯ ವೇಗ ಎಷ್ಟು, ಯಾವ ಗಣಿತೀಯ ಮಾದರಿ ಹೆಚ್ಚು ಹೊಂದುತ್ತದೆ. ಯಂತ್ರದ ಬೆಲೆ ಎಷ್ಟು, ಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನಾನೂ ಕೇಳಲಿಲ್ಲ. ಮುಂದಿನದು ಚಹಾ ವಿರಾಮವಾಗಿತ್ತು.

ಈ ವೃತ್ತಿ ನಮ್ಮ ದೇಶಕ್ಕೆ ಹೊಸತೇನಲ್ಲ. ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ ಮೇಸನ್ ವಾಘ್ ಎಂಬ ಅಮೆರಿಕನ್ ಎಂಜಿನಿಯರರ ಮುತುವರ್ಜಿಯಿಂದ 1942ರಲ್ಲಿಯೇ ಕೃಷಿ ಎಂಜಿನಿಯರಿಂಗ್ ಪದವಿ ಶಿಕ್ಷಣ ಆರಂಭವಾಯಿತು. ಭಾರತೀಯ ಕೃಷಿ ಎಂಜಿನಿಯರುಗಳ ಸಂಘ ಸ್ಥಾಪನೆಯಾದದ್ದು 1960ರಲ್ಲಿ. ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜು 1987ರಲ್ಲಿ ಶುರುವಾಯಿತು. ಅಮೆರಿಕದಲ್ಲಿ 1907ರಲ್ಲಿ ಹುಟ್ಟಿದ ಇಂತಹದೇ ಸಂಘ 2005ರಲ್ಲಿ ತನ್ನ ಹೆಸರಿಗೆ ‘ಜೈವಿಕ’ ಎಂಬ ಪದವನ್ನು ಸೇರಿಸಿಕೊಂಡಿತು. ನೇಗಿಲು, ಟ್ರ್ಯಾಕ್ಟರುಗಳಾಚೆಗೆ ಆಹಾರ, ಜೀವಕೋಶ, ಪರಿಸರವೂ ತಮ್ಮ ಕ್ಷೇತ್ರವೆಂಬುದು ಅದರ ಇಂಗಿತ. ನಮ್ಮ ಸಮ್ಮೇಳನಗಳಲ್ಲೂ ಈಗ ಡ್ರೋನ್, ಸಂವೇದಕ, ಕೃತಕ ಬುದ್ಧಿಮತ್ತೆಗಳದ್ದೇ ಸಡಗರ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬ್ಯಾಡಗಿಯ ಚೀಲದೊಳಗಿನ ಪ್ರಶ್ನೆ ಅದಕ್ಕಿಂತ ಬಹಳ ಹಳೆಯದು, ಬಹಳ ಸರಳವಾದುದು.

ಲೆಕ್ಕವನ್ನೇ ನೋಡಿ. ಶೇ 10ರಷ್ಟು ತೇವಾಂಶಕ್ಕೆ ಒಣಗಿದ ಒಂದು ಕ್ವಿಂಟಲ್ ಮೆಣಸಿನಕಾಯಿಯಲ್ಲಿ ನೀರಿನ ಪಾಲು ಹತ್ತು ಕಿಲೋ. ಅದೇ ಕಾಯಿಯನ್ನು ಶೇ 20ರ ತೇವಾಂಶದಲ್ಲಿ ತೂಗಿದರೆ ನೂರಹನ್ನೆರಡೂವರೆ ಕಿಲೋ ಬರುತ್ತದೆ. ಹನ್ನೆರಡೂವರೆ ಕಿಲೋ ನೀರನ್ನು ಮೆಣಸಿನಕಾಯಿಯ ದರಕ್ಕೆ ಕೊಳ್ಳಲು ವರ್ತಕ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇತ್ತ ರೈತನ ಸಂಕಟ ಬೇರೆ. ಕಾಯಿ ತೀರಾ ಒಣಗಿದರೆ ಚೀಲ ತುಂಬುವಾಗ ಪುಡಿಯಾಗಿ ಬೀಜ ಉದುರುತ್ತದೆ. ಹಾಗಾಗಿ ತುಂಬುವ ಮುನ್ನ ನೀರು ಚಿಮುಕಿಸಿ ಕಾಯಿ ಮೆತ್ತಗಾಗಿಸುವ ರೂಢಿ ಹಿಂದಿನಿಂದಲೂ ಇದೆ. ಎಷ್ಟು ಚಿಮುಕಿಸಿದರೆ ಅದು ಅಗತ್ಯ, ಎಷ್ಟಾದರೆ ಮೋಸ? ಬೆರಳು ಇದಕ್ಕೆ ಉತ್ತರ ಹೇಳಲಾರದು. ಪ್ರಾಮಾಣಿಕನಿಗೂ ಕಳ್ಳನಿಗೂ ಒಂದೇ ಕಡಿತ. ಒಂದಿಷ್ಟು ವಾರ ಹೆಚ್ಚಾಗಿ ಕಣದಲ್ಲಿ ಕಾದು ಒಣಗಿಸಿದವನಿಗೆ ಪುರಾವೆಯಾಗಿ ತೋರಿಸಲು ಒಂದು ಚೀಟಿಯೂ ಇಲ್ಲ.

ತೇವಾಂಶದ ತಂಟೆ ತೂಕಕ್ಕೆ ಮುಗಿಯುವುದಿಲ್ಲ. ಬ್ಯಾಡಗಿಯ ಕಡ್ಡಿ, ಡಬ್ಬಿ ಕಾಯಿಗಳಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದರ ಹಿಂದೆ ಅವುಗಳ ಗಾಢ ಕೆಂಪು ಬಣ್ಣವಿದೆ. ಈ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ಹಿಂಡಿ ತೆಗೆಯುವ ಉದ್ಯಮ ಸಾಂಬಾರಿನಿಂದ ಲಿಪ್‌ಸ್ಟಿಕ್‌ವರೆಗೆ ಕೈ ಚಾಚಿದೆ. ಬಿಸಿಲಿನಲ್ಲಿ ಹೆಚ್ಚು ದಿನ ಬಿದ್ದರೆ ಬಣ್ಣ ಮಾಸುತ್ತದೆ, ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷಕ್ಕೆ ಐರೋಪ್ಯ ಒಕ್ಕೂಟ ವಿಧಿಸಿರುವ ಮಿತಿ ಒಂದು ಕಿಲೋ ಒಣಮೆಣಸಿನಕಾಯಿಗೆ ಒಟ್ಟು 10 ಮೈಕ್ರೋಗ್ರಾಂ. ನೆಲದ ಮೇಲೆ ಹರಡಿ ಆಕಾಶ ನೋಡುತ್ತ ಕೂರುವ ರೈತನಿಗೆ ಇಂತಹ ಅಳತೆಯ ಹೆಸರೂ ಗೊತ್ತಿರುವುದಿಲ್ಲ. ಅದರ ಪೆಟ್ಟು ಮಾತ್ರ ಅವನ ದರದಲ್ಲಿ ಬಂದು ಕೂರುತ್ತದೆ.

2024ರ ಮಾರ್ಚ್ 11ರ ಸೋಮವಾರ ಈ ಪ್ರಾಂಗಣದಲ್ಲಿ ನಡೆದುದನ್ನು ರಾಜ್ಯ ಮರೆತಿರಲಾರದು. ದರ ದಿಢೀರನೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಯ ಮೇಲೆ ಮುಗಿಬಿದ್ದರು. ವಾಹನಗಳು ಹೊತ್ತಿ ಉರಿದವು. ಆ ಕುಸಿತಕ್ಕೆ ತೇವಾಂಶವನ್ನೇ ಹೊಣೆ ಮಾಡುವುದು ಸರಳೀಕರಣವಾದೀತು. ಆವಕ, ಬೇಡಿಕೆ, ಶೀತಲಗೃಹಗಳಲ್ಲಿನ ದಾಸ್ತಾನು, ಎಲ್ಲವೂ ದರವನ್ನು ಕುಣಿಸುತ್ತವೆ. ಆದರೆ ತನ್ನ ಮಾಲಿಗೆ ಯಾಕೆ ಈ ದರ ಬಂತೆಂಬುದು ರೈತನಿಗೆ ಕಾಣದ ಮಾರುಕಟ್ಟೆಯಲ್ಲಿ ಪ್ರತಿ ಇಳಿತವೂ ಸಂಚಿನಂತೆ ತೋರುತ್ತದೆ. ಹಿಂಸೆಯನ್ನು ಸಮರ್ಥಿಸಲಾಗದು. ಆ ಅಪನಂಬಿಕೆಯ ಒಂದು ಪಾಲನ್ನಾದರೂ ಅಳತೆಯ ಉಪಕರಣವೊಂದು ತಗ್ಗಿಸಬಹುದೆಂದು ಹೇಳಬಲ್ಲವರು ಎಂಜಿನಿಯರುಗಳೇ. ಕಾಳಿಗೆ ಒಗ್ಗುವ ತೇವಾಂಶ ಮಾಪಕ ಟೊಳ್ಳು ಹೊಟ್ಟೆಯ, ಸುಕ್ಕು ಮೈಯ ಮೆಣಸಿನಕಾಯಿಗೆ ಹಾಗೆಯೇ ಒಗ್ಗುವುದಿಲ್ಲ, ನಿಜ. ಒಗ್ಗಿಸುವುದೇ ತಾನೆ ಅವರ ವೃತ್ತಿ?

ಮಾರುಕಟ್ಟೆಯಿಂದ ಹೊರಬಂದು ಓಣಿಯೊಂದರಲ್ಲಿ ನಡೆದೆ. ಗೋದಾಮಿನ ನೆರಳಲ್ಲಿ ಮಹಿಳೆಯರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಕೀಳುತ್ತಿದ್ದರು. ‘ತುಂಬು ಬಿಡಿಸುವುದು’ ಎನ್ನುತ್ತಾರೆ ಇಲ್ಲಿ. ಮೂಗಿಗೆ ಸೆರಗು ಕಟ್ಟಿ, ಕಿಲೋ ಲೆಕ್ಕದ ಕೂಲಿಗೆ ದಿನವಿಡೀ ಮಾಡುವ ಕೆಲಸ. ಸಂಜೆ ಆ ಕೈಯಲ್ಲಿ ಮಗುವಿನ ಮುಖ ಮುಟ್ಟುವಂತಿಲ್ಲ. ಸಮ್ಮೇಳನದ ಭಿತ್ತಿಪತ್ರಗಳ ಸಾಲಿನಲ್ಲಿ ತೊಟ್ಟು ಬಿಡಿಸುವ ಯಂತ್ರವೂ ಒಂದಿತ್ತು. ಇಂತಿಷ್ಟು ಕೂಲಿಯಾಳುಗಳ ಉಳಿತಾಯ ಎಂದು ಅದರ ಕೆಳಗೆ ಹೆಮ್ಮೆಯಿಂದ ಬರೆದಿತ್ತು. ನೆನಪಾಗಿ, ‘ಅವ್ವಾ, ಇದಕ್ಕೊಂದು ಮಶೀನು ಬಂದರೆ ಹೇಗೆ?’ ಎಂದು ಕೇಳಿದೆ. ‘ಬರ್ಲಿ ಬಿಡ್ರೀ ಸರ, ಕೈ ಉರಿಯೋದರ ತಪ್ಪತೈತಿ. ಆದ್ರ ಆ ಮಶೀನು ಯಾರ ಮನ್ಯಾಗ ಇರತೈತಿ?’ ಎಂದು ಅವರು ತಲೆಯೆತ್ತದೆಯೇ ಮರುಪ್ರಶ್ನೆ ಹಾಕಿದರು. ಮೂರು ದಿನಗಳ ಗೋಷ್ಠಿಗಳಲ್ಲಿ ನಾನು ಕೇಳಿದ ಯಾವ ಪ್ರಶ್ನೆಯೂ ಇಷ್ಟು ನೇರವಾಗಿರಲಿಲ್ಲ. ಯಂತ್ರ ಗೋದಾಮಿನ ಮಾಲೀಕನದಾದರೆ ಉಳಿತಾಯವಾಗುವ ‘ಕೂಲಿಯಾಳು’ ಈಕೆಯೇ. ಮಹಿಳೆಯರ ಸ್ವಸಹಾಯ ಸಂಘದ್ದಾದರೆ ಉಳಿಯುವುದು ಈಕೆಯ ಬೆರಳು. ವಿನ್ಯಾಸ ಒಂದೇ. ಆದರೆ ಎಷ್ಟು ದೊಡ್ಡದಿರಬೇಕು, ಎಷ್ಟು ಬೆಲೆಗೆ ಸಿಗಬೇಕು, ಯಾರು ನಡೆಸಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ. ಪಕ್ಕದ ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸುವ ಕೆಲಸವೂ ಬಹುಪಾಲು ಹೆಂಗಸರ ಬೆರಳಿನದೇ.

ಪ್ರಶ್ನೆಯ ಪಕ್ಕದಲ್ಲೇ ಬದುಕಿದವರು ಉತ್ತರ ಕಂಡುಕೊಂಡ ನಿದರ್ಶನ ನಮ್ಮ ಸೀಮೆಯಲ್ಲಿಯೇ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಎಂಜಿನಿಯರಿಂಗ್ ಓದಿದವರಲ್ಲ. ಹುಣಸೆಯ ಬೀಜ ಬೇರ್ಪಡಿಸುವ ಯಂತ್ರದಿಂದ ಹಿಡಿದು ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆಯವರೆಗೆ ಅವರು ರೂಪಿಸಿದ್ದೆಲ್ಲ ಹೊಲದ ಬೇಸರದಿಂದ ಹುಟ್ಟಿದ್ದು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹಾಗೆಂದು ವಿಶ್ವವಿದ್ಯಾಲಯಗಳು ಬೇಡವೆನ್ನುವ ಹುಂಬತನ ನನಗಿಲ್ಲ. ಅಫ್ಲಟಾಕ್ಸಿನ್ ಅಳೆಯುವುದು, ಬಣ್ಣ ಕೆಡದ ಉಷ್ಣಾಂಶ ಕಂಡುಹಿಡಿಯುವುದು ಪ್ರಯೋಗಾಲಯದಿಂದಲೇ ಆಗಬೇಕು. ಹಾವೇರಿಯ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನದ ಕಾಲೇಜೇ ಇದೆ, ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜಿದೆ. ಜ್ಞಾನಕ್ಕೂ ಕಣಕ್ಕೂ ನಡುವಿನ ಹಾದಿ ಇಲ್ಲಿ ಕೆಲವೇ ಮೈಲಿಗಳದು.

ಆದುದರಿಂದ ಒಂದು ಸಲಹೆ. ವಾರ್ಷಿಕ ಸಮ್ಮೇಳನದ ಮೂರು ದಿನಗಳಲ್ಲಿ ಒಂದನ್ನು ಮಾರುಕಟ್ಟೆಯ ಪ್ರಾಂಗಣದಲ್ಲಿ ನಡೆಸಲಿ. ಕನ್ನಡದಲ್ಲಿ, ತೂಕದ ಕಾಟಾದ ಪಕ್ಕದಲ್ಲಿ. ಪ್ರಶ್ನೆ ಕೇಳುವ ಹಕ್ಕು ರೈತರಿಗೆ, ಹಮಾಲರಿಗೆ, ತುಂಬು ಬಿಡಿಸುವವರಿಗೆ, ವರ್ತಕರಿಗೂ ಇರಲಿ. ಅಂದು ಗಂಟೆ ಬಾರಿಸುವುದು ಬೇಡ. ಸಮ್ಮೇಳನಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆಯುತ್ತವೆ, ಬ್ಯಾಡಗಿಯಲ್ಲಿ ಆವಕ ಏರುವುದೂ ಆ ಋತುವಿನ ಕೊನೆಗೇ.

ಹೊರಡುವ ಮುನ್ನ ಆ ಬಳ್ಳಾರಿಯ ಯಜಮಾನರ ಬಳಿಗೆ ಮತ್ತೆ ಹೋದೆ. ದರ ಇನ್ನೂ ಬಂದಿರಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ಕಂಡು, ‘ಇದ್ರಾಗ ನಮ್ಮ ಕಾಯಿ ಐತೇನು?’ ಎಂದರು. ಪುಟ ಹುಡುಕಿ ಒಣಗಣೆ ಯಂತ್ರದ ಚಿತ್ರ ತೋರಿಸಿದೆ. ಬರಹ ಇಂಗ್ಲಿಷಿನಲ್ಲಿತ್ತು, ಅವರು ಚಿತ್ರವನ್ನೇ ಹೊತ್ತು ನೋಡಿದರು.

‘ಒಂದ್ ಸಲಕ್ಕ ಎಷ್ಟು ಹಿಡೀತೈತಿ?’

‘ಐವತ್ತು ಕಿಲೋ ಹಸಿ ಕಾಯಿ.’

ಅವರು ತಮ್ಮ ಚೀಲಗಳ ಕಡೆ ತಿರುಗಿ ಒಮ್ಮೆ ಎಣಿಸುವವರಂತೆ ನೋಡಿದರು. ನಲವತ್ತು ಚೀಲಗಳಿದ್ದವು. ಅಷ್ಟರಲ್ಲಿ ದರ ಬಂತೆಂದು ಯಾರೋ ಕೂಗಿದರು. ಪುಸ್ತಕವನ್ನು ನನ್ನ ಕೈಗಿಟ್ಟು ಅವರು ಎದ್ದು ಹೋದರು.