ಸೂರ್ಯ ಓಂ ಅಂತಾನಾ? ಜಪ ಮತ್ತು ನಮ್ಮ ದೇಹ

"ಸೂರ್ಯ ಓಂಕಾರ ಹೇಳ್ತಿರೋದನ್ನ ನಾಸಾ ರೆಕಾರ್ಡ್ ಮಾಡಿದೆ" ಅನ್ನೋ ವಾಟ್ಸಾಪ್ ವಿಡಿಯೊ ನಿಮಗೂ ಬಂದಿರಬಹುದು. 2020ರ ಜನವರಿಯಲ್ಲಿ ಪುದುಚೇರಿಯ ಆಗಿನ ಲೆಫ್ಟಿನೆಂಟ್ ಗವರ್ನರ್ ಕಿರಣ್ ಬೇಡಿ ಕೂಡ ಅಂಥದ್ದೊಂದು ವಿಡಿಯೊ ಟ್ವೀಟ್ ಮಾಡಿದ್ದರು. ಇವತ್ತಿನ ವಿಷಯ ಮಂತ್ರಜಪ. ತಂತ್ರಶಾಸ್ತ್ರ ಅದನ್ನ ಯಾಕೆ ಮಾಡಿ ಅನ್ನುತ್ತೆ, ಮಾಡಿದಾಗ ದೇಹದಲ್ಲಿ ಏನಾಗುತ್ತೆ ಅಂತ ನೋಡೋಣ. ಮೊದಲು ಆ ವಿಡಿಯೊದ ಲೆಕ್ಕ ಮುಗಿಸಿಬಿಡೋಣ.

ವಾಷಿಂಗ್ಟನ್ ಸುತ್ತಮುತ್ತ ಇರೋರಿಗೆ ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಸ್ಥಾನ ಗೊತ್ತು. ಅಲ್ಲಿಂದ ಕಾರಲ್ಲಿ ಕೆಲವೇ ನಿಮಿಷ ಹೋದರೆ ಗ್ರೀನ್‌ಬೆಲ್ಟ್, ನಾಸಾದ ಗಾಡರ್ಡ್ ಕೇಂದ್ರ. 2018ರಲ್ಲಿ ಗಾಡರ್ಡ್ "ಸೂರ್ಯನ ಸದ್ದು" ಅಂತ ಒಂದು ಧ್ವನಿಯನ್ನ ಹಂಚಿಕೊಂಡಿತು. ಸೋಹೋ ನೌಕೆ ಅಳೆದಿದ್ದು ಸದ್ದನ್ನಲ್ಲ, ಸೂರ್ಯನ ಮೇಲ್ಮೈಯ ಏರಿಳಿತವನ್ನ. ಅದು ಸುಮಾರು 5 ನಿಮಿಷಕ್ಕೊಮ್ಮೆ ಏರಿ ಇಳಿಯುತ್ತೆ. ಈ ದತ್ತಾಂಶ ನಮ್ಮ ಕಿವಿಗೆ ಕೇಳಬೇಕು ಅಂದರೆ ಸುಮಾರು 42,000 ಪಟ್ಟು ವೇಗ ಮಾಡಬೇಕು. ಆಗ ಅದು 140 ಹರ್ಟ್ಜ್ ಆಸುಪಾಸಿಗೆ, ಅಂದರೆ ಗಂಡಸಿನ ದನಿಯ ಮಟ್ಟಕ್ಕೆ ಬರುತ್ತೆ. ಅದೇ ಗುಂಯ್‌ಗುಡುವ ಸದ್ದು. ಇನ್ನೂ ಹತ್ತು ಪಟ್ಟು ವೇಗ ಮಾಡಿದ್ದರೆ ಸೂರ್ಯ ಸಿಳ್ಳೆ ಹೊಡೀತಾನೆ ಅಂತಿದ್ವೇನೋ!

ಗಾಳಿಯಿಲ್ಲದ ಕಡೆ ಸದ್ದು ಸಾಗಲ್ಲ ಅಂತ ಕ್ಯಾರಿಯಲ್ಲೋ ಶಾರ್ಲಟ್‌ನಲ್ಲೋ ಸ್ಕೂಲಿಗೆ ಹೋಗೋ ನಮ್ಮ ಮಕ್ಕಳಿಗೂ ಗೊತ್ತು. ನನ್ನ ಆತಂಕ ಇದೇ. ಮಂತ್ರಕ್ಕೆ ನಾಸಾದ ಸರ್ಟಿಫಿಕೇಟ್ ಇದೆ ಅಂತ ಹೇಳಿಕೊಟ್ಟರೆ, ಅದು ಸುಳ್ಳು ಅಂತ ಗೊತ್ತಾದ ದಿನ ಮಗು ವಿಡಿಯೊ ಜೊತೆಗೆ ಮಂತ್ರವನ್ನೂ ಬಿಟ್ಟುಬಿಡುತ್ತೆ.

ಹಾಗಾದರೆ ತಂತ್ರ ಏನನ್ನುತ್ತೆ? ಕನ್ನಡದಲ್ಲಿ ತಂತ್ರ ಅಂದ ಕೂಡಲೇ ಮಾಟ-ಮಂತ್ರ ನೆನಪಾಗುತ್ತೆ. ಆದರೆ ಶೃಂಗೇರಿಯ ಶ್ರೀಚಕ್ರ ಪೂಜೆ ತಂತ್ರವೇ. ಮಧ್ವಾಚಾರ್ಯರೂ "ತಂತ್ರಸಾರ ಸಂಗ್ರಹ" ಅಂತ ಮಂತ್ರ ಮತ್ತು ಪೂಜಾವಿಧಿಗಳ ಗ್ರಂಥವನ್ನೇ ಬರೆದಿದ್ದಾರೆ. ಹ್ರೀಂ, ಶ್ರೀಂ, ಕ್ಲೀಂ ಮುಂತಾದ ಬೀಜಾಕ್ಷರಗಳಿಗೆ ದಿನಬಳಕೆಯ ಅರ್ಥ ಇಲ್ಲ. ಶಾಕ್ತ ಸಂಪ್ರದಾಯದಲ್ಲಿ ಅವು ದೇವತೆಯ ವರ್ಣನೆಯಲ್ಲ, ದೇವತೆಯ ಧ್ವನಿರೂಪ. ಗುರುವಿನಿಂದ ಮಂತ್ರ ಪಡೆದು, ನ್ಯಾಸದಲ್ಲಿ ಒಂದೊಂದು ಅಂಗವನ್ನೂ ಮುಟ್ಟಿ ಅಲ್ಲಿ ಅಕ್ಷರಗಳನ್ನ ನೆಲೆಗೊಳಿಸಿ, ಆಮೇಲೆ ಜಪ. ಆರು ಚಕ್ರಗಳ ದಳಗಳನ್ನ ಕೂಡಿಸಿ: 4, 6, 10, 12, 16, 2. ಒಟ್ಟು 50, ಅಂದರೆ ವರ್ಣಮಾಲೆಯ ಅಷ್ಟೂ ಅಕ್ಷರ. ಜಪಿಸುವವರಿಗೂ ದೇವತೆಗೂ ನಡುವಿನ ಅಂತರ ಕರಗೋದು ಗುರಿ. ಜಗತ್ತು ನಾದದಿಂದ ಹುಟ್ಟಿತು ಅನ್ನೋ ಮಾತೂ ಅಲ್ಲಿದೆ, ಆದರೆ ಸಾಧನೆ ನಡೆಯೋದು ಈ ಮೈಯೊಳಗೆ. ಶವ ಕೊಯ್ದು ನೋಡಿದರೆ ಚಕ್ರ ಸಿಗಲ್ಲ, ನಿಜ. ಆದರೆ ಗಂಟಲು, ನಾಲಿಗೆ, ತುಟಿ, ಉಸಿರು ಇವೆಯಲ್ಲ, ಅವನ್ನ ಅಳೆಯಬಹುದು.

ಜಪ ಮೂರು ಬಗೆ. ಗಟ್ಟಿಯಾಗಿ ಹೇಳೋದು ವಾಚಿಕ, ತುಟಿಯಷ್ಟೇ ಅಲುಗಿಸೋದು ಉಪಾಂಶು, ಮನಸ್ಸಲ್ಲೇ ಹೇಳೋದು ಮಾನಸಿಕ.

ವಾಚಿಕದಿಂದ ಶುರು ಮಾಡೋಣ. 2001ರಲ್ಲಿ ಇಟಲಿಯ ಲೂಚಿಯಾನೊ ಬೆರ್ನಾರ್ಡಿ ತಂಡ 23 ಜನರಿಗೆ ಲ್ಯಾಟಿನ್‌ನ ಆವೆ ಮರಿಯಾ ಪ್ರಾರ್ಥನೆಯನ್ನೂ "ಓಂ ಮಣಿ ಪದ್ಮೇ ಹೂಂ" ಮಂತ್ರವನ್ನೂ ಹೇಳಿಸಿತು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ನಮ್ಮ ರಕ್ತದೊತ್ತಡದಲ್ಲೂ ಸುಮಾರು 10 ಸೆಕೆಂಡಿನ ಒಂದು ಸಹಜ ಲಯ ಇದೆ. ಉಸಿರು ಆ ಲಯಕ್ಕೆ ಕೂಡಿಕೊಂಡಾಗ, ರಕ್ತದೊತ್ತಡ ಏರಿಳಿದಂತೆ ಹೃದಯದ ಬಡಿತವನ್ನ ಸರಿಹೊಂದಿಸುವ ಪ್ರತಿವರ್ತನೆ ಚುರುಕಾಯಿತು. ಎರಡು ಧರ್ಮ, ಒಂದೇ ಉಸಿರು.

2011ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು 12 ಜನರನ್ನ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಓಂ ಹೇಳಿಸಿದರು. ಹೋಲಿಕೆಗೆ "ಸ್‌ಸ್‌ಸ್" ಅನ್ನೋ ಸದ್ದು. ಓಂ ಹೇಳುವಾಗ ಅಮಿಗ್ಡಲಾದಂಥ, ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿತು. ಒಳ್ಳೇ ಪ್ರಯೋಗ, ಆದರೆ ಪ್ರಾಥಮಿಕ. 12 ಜನರ ಫಲಿತಾಂಶವನ್ನ ಇಡೀ ಜಗತ್ತಿಗೆ ಅನ್ವಯಿಸೋ ಹಾಗಿಲ್ಲ.

ಮಾನಸಿಕ ಜಪದಲ್ಲಿ ಕಂಪನವೇ ಇಲ್ಲ. ಆದರೂ ಸಂಪ್ರದಾಯ ಅದನ್ನೇ ಶ್ರೇಷ್ಠ ಅನ್ನುತ್ತೆ. ಯಾಕೆ? ಇದಕ್ಕೆ ಒಂದು ಸುಳಿವು ಅಟ್ಲಾಂಟಾದಲ್ಲಿದೆ. 2012ರಲ್ಲಿ ಎಮರಿ ವಿಶ್ವವಿದ್ಯಾಲಯದ ವೆಂಡಿ ಹ್ಯಾಸೆನ್‌ಕ್ಯಾಂಪ್ ತಂಡ 14 ಅನುಭವಿ ಧ್ಯಾನಿಗಳಿಗೆ, ಮನಸ್ಸು ಅಲೆದಾಡಿದ್ದು ಗೊತ್ತಾದ ಕೂಡಲೇ ಗುಂಡಿ ಒತ್ತಿ ಅಂತ ಹೇಳಿತು. ಅಲೆಯೋದು, ಗೊತ್ತಾಗೋದು, ವಾಪಸ್ ತರೋದು, ನಿಲ್ಲೋದು, ಹೀಗೊಂದು ಚಕ್ರ. ಒಂದೊಂದು ಹಂತದಲ್ಲಿ ಮಿದುಳಿನ ಬೇರೆ ಬೇರೆ ಜಾಲ ಎಚ್ಚರವಾಗಿತ್ತು. ಅವರು ಗಮನ ಇಟ್ಟಿದ್ದು ಉಸಿರಿನ ಮೇಲೆ, ಮಂತ್ರದ ಮೇಲಲ್ಲ. ಆದರೆ ಜಪಸರ ಹಿಡಿದವರಿಗೆ ಈ ಚಕ್ರ ಹೊಸದೇನಲ್ಲ. ಮನಸ್ಸು ಅಂಗಡಿ ಬೀದಿಗೆ ಹೋಗಿರುತ್ತೆ, ಬೆರಳು ಮುಂದಿನ ಮಣಿಗೆ ಬರುತ್ತೆ, ಮನಸ್ಸು ಮನೆಗೆ ಮರಳುತ್ತೆ. 108 ಮಣಿ ಅಂದರೆ ಮರಳಿ ಬರೋಕೆ 108 ಅವಕಾಶ.

ಎರಡು ಎಚ್ಚರಿಕೆ. ಜಪ ಬಿಪಿ ಮಾತ್ರೆಗೆ ಬದಲಿಯಲ್ಲ. ಊರಲ್ಲಿರೋ ಅಪ್ಪ-ಅಮ್ಮ ಅಂಥ ವಿಡಿಯೊ ನೋಡಿ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳಿ. ಇನ್ನೊಂದು, ದೇವತೆ ಇದ್ದಾಳೋ ಇಲ್ಲವೋ ಅನ್ನೋದನ್ನ ಎಂಆರ್‌ಐ ಹೇಳಲ್ಲ. ಅದು ಸಾಧಕರಿಗೆ ಬಿಟ್ಟ ವಿಷಯ.

ಮಗು "ಮಂತ್ರ ಯಾಕೆ ಹೇಳಬೇಕು?" ಅಂತ ಕೇಳಿದರೆ ನಾಸಾ ಕಡೆ ಕೈ ತೋರಿಸಬೇಡಿ. ಜೊತೆಗೆ ಕೂತು, ಒಂದೇ ಉಸಿರಲ್ಲಿ ನಿಧಾನವಾಗಿ ಓಂ ಹೇಳಿ. 'ಅ' ಅನ್ನುವಾಗ ಬಾಯಿ ತೆರೆಯೋದು, 'ಉ'ಗೆ ತುಟಿ ದುಂಡಗಾಗೋದು, 'ಮ್' ಅಂತ ಮುಚ್ಚಿದಾಗ ಮೂಗಲ್ಲಿ ಗುಂಯ್‌ಗುಡೋದು, ಇದನ್ನೆಲ್ಲ ಮಗುವೇ ಗಮನಿಸಲಿ. ನೀವು ಮಂತ್ರದಲ್ಲಿ ನಂಬಿಕೆ ಇಟ್ಟವರಾದರೆ ಅದನ್ನೂ ಮುಚ್ಚಿಡದೆ ಹೇಳಿ.