ಉತ್ಪಾದನೆಯ ಪ್ರಮಾಣಗಳು: ಸೊಲ್ಲಾಪುರದ ನೇಯ್ಗೆಯ ನಿದರ್ಶನ

ಯಂತ್ರ ಬಂದಿತು, ಉತ್ಪಾದನೆ ಹೆಚ್ಚಿತು, ಬೆಲೆ ಇಳಿಯಿತು ಎಂದು ಕೈಗಾರಿಕೆಯ ಪಾಠವನ್ನು ಮೂರು ಮಾತಿನಲ್ಲಿ ಮುಗಿಸುವ ವಾಡಿಕೆಯುಂಟು. ಅದರಿಂದ ದೊಡ್ಡದೆಲ್ಲ ಮುಂದುವರಿದುದು, ಚಿಕ್ಕದೆಲ್ಲ ಹಿಂದುಳಿದುದು ಎಂಬ ಭಾವನೆ ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿವೇಚಿಸೋಣ.

ವಸ್ತುಗಳ ತಯಾರಿಕೆಯನ್ನು ಪ್ರಮಾಣಾನುಸಾರ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಊರ ದೇವರ ತೇರನ್ನು ಬಡಗಿಯು ಬೇಡಿಕೆಯ ಮೇರೆಗೆ ಒಂದೇ ಒಂದು ಮಾಡುತ್ತಾನೆ. ಇದು ಬಿಡಿ ಉತ್ಪಾದನೆ. ಒಂದೇ ಮಾದರಿಯ ಕೆಲವು ನೂರು ವಸ್ತುಗಳನ್ನು ಮಾಡಿ, ಬಳಿಕ ಅದೇ ಯಂತ್ರವನ್ನು ಮತ್ತೊಂದು ಮಾದರಿಗೆ ಅಣಿಗೊಳಿಸುವುದು ಕಂತಿನ ಉತ್ಪಾದನೆ. ಒಂದೇ ವಸ್ತುವನ್ನು ಲಕ್ಷಗಟ್ಟಲೆ ಮಾಡುವುದು ಸಮೂಹ ಉತ್ಪಾದನೆ. ಸಿಮೆಂಟಿನ ಗೂಡಿನಂತೆ ಹಗಲಿರುಳು ಆರದೆ ನಡೆಯುವುದು ನಿರಂತರ ಉತ್ಪಾದನೆ.

ಸೊಲ್ಲಾಪುರದ ಚಾದರವು ಎರಡನೆಯ ಬಗೆಗೆ ಸೇರಿದುದು. ಅದರ ಚಿತ್ತಾರವನ್ನು ಜಕಾರ್ಡ್ ಮಗ್ಗದ ರಂಧ್ರದ ಪಟ್ಟಿಗಳು ನಿರ್ಧರಿಸುತ್ತವೆ. ಚಿತ್ತಾರ ಬದಲಾದರೆ ಪಟ್ಟಿಗಳು ಬದಲಾಗಬೇಕು. ಹಾಸು ಮುಗಿದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಕೂಡಿಸಬೇಕು. ಈ ಸಿದ್ಧತೆಯ ಅವಧಿಯಲ್ಲಿ ಒಂದು ಗೇಣು ಬಟ್ಟೆಯೂ ಹುಟ್ಟುವುದಿಲ್ಲ. ಖರ್ಚು ಮಾತ್ರ ತಪ್ಪದು.

ಈ ಖರ್ಚು 600 ರೂಪಾಯಿ ಎಂದು ಭಾವಿಸೋಣ. 10 ಚಾದರ ನೇಯ್ದರೆ ಒಂದೊಂದರ ಮೇಲೆ 60 ರೂಪಾಯಿ ಬೀಳುತ್ತದೆ. 100 ನೇಯ್ದರೆ 6 ರೂಪಾಯಿ. 1,000 ನೇಯ್ದರೆ 60 ಪೈಸೆ. ಹತ್ತರಿಂದ ನೂರಕ್ಕೆ ಏರಿದಾಗ ಉಳಿತಾಯ 54 ರೂಪಾಯಿ. ನೂರರಿಂದ ಸಾವಿರಕ್ಕೆ ಏರಿದಾಗ ಕೇವಲ 5 ರೂಪಾಯಿ 40 ಪೈಸೆ. ಪ್ರಮಾಣ ಹೆಚ್ಚಿದಂತೆ ಲಾಭವೂ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಆದರೆ ಮಾರಾಟವಾಗದೆ ಉಳಿಯಬಹುದಾದ ಸರಕಿನ ಹೊರೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಸಮಸ್ಯೆಯ ತಿರುಳು ಇಲ್ಲಿಯೇ ಇದೆ.

ಸಮೂಹ ಉತ್ಪಾದನೆಯ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಅಮೆರಿಕದ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣೆಯ ಸಾಲನ್ನು ಸ್ಥಾಪಿಸಿದಾಗ, ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಮೋಟಾರಿನ ಅಡಿಗಟ್ಟಿನ ಜೋಡಣೆ ಕೆಲವೇ ತಿಂಗಳಲ್ಲಿ ಒಂದೂವರೆ ಗಂಟೆಗೆ ಇಳಿಯಿತು. ಆದರೆ ಜನರ ಅಭಿರುಚಿ ಬದಲಾಗಿ 1927ರಲ್ಲಿ ಹಳೆಯ ಮಾದರಿಯನ್ನು ಕೈಬಿಡಬೇಕಾಗಿ ಬಂದಾಗ, ಅದೇ ಫೋರ್ಡನ ಕಾರ್ಖಾನೆಗಳು ತಿಂಗಳುಗಟ್ಟಲೆ ನಿಂತವು. ಒಂದೇ ಕೆಲಸಕ್ಕೆಂದು ಕಟ್ಟಿದ ಯಂತ್ರವು ಬೇರೆ ಕೆಲಸಕ್ಕೆ ಬೇಗ ಒಗ್ಗದು.

ದೊಡ್ಡ ಪ್ರಮಾಣಕ್ಕೆ ಮತ್ತೊಂದು ಅಪಾಯವೂ ಉಂಟು: ನಿಂತಾಗ ಅದು ಒಟ್ಟಿಗೇ ನಿಲ್ಲುತ್ತದೆ. 1870ರ ದಶಕದಲ್ಲಿ ಹುಟ್ಟಿದ ಸೊಲ್ಲಾಪುರದ ನೂಲುವ ಮತ್ತು ನೇಯುವ ಗಿರಣಿ 1949ರ ಆಗಸ್ಟಿನಲ್ಲಿ ಮುಚ್ಚಿದಾಗ ಸಾವಿರಾರು ಕುಟುಂಬಗಳ ಅನ್ನಕ್ಕೆ ಏಕಕಾಲಕ್ಕೆ ಕುತ್ತು ಬಂದಿತು. 1950ರ ಜನವರಿಯಲ್ಲಿ ಕೇಂದ್ರ ಸರಕಾರವೇ ಸುಗ್ರೀವಾಜ್ಞೆಯ ಮೂಲಕ ಆಡಳಿತವನ್ನು ವಹಿಸಿಕೊಳ್ಳಬೇಕಾಯಿತು. ಆ ಕ್ರಮದ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಗಿರಣಿ ಇಂದು ಇಲ್ಲ. ಚಿಕ್ಕ ಕಾರಖಾನೆಗಳಲ್ಲಿ ಕಂತು ಕಂತಾಗಿ ನೇಯುವ ಚಾದರವಾದರೋ ಉಳಿದುಕೊಂಡು, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು.

ಚಿಕ್ಕದೇ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಚಿಕ್ಕ ಕಾರಖಾನೆಯ ಕೂಲಿಯ ಕಷ್ಟ, ಮಾರುಕಟ್ಟೆಯ ಏರುಪೇರು ಎಲ್ಲರಿಗೂ ತಿಳಿದುದೇ. ನಾವು ಹೇಳುವುದಿಷ್ಟು: ಯೋಗ್ಯ ಪ್ರಮಾಣವನ್ನು ನಿರ್ಧರಿಸುವುದು ಯಂತ್ರದ ಗಾತ್ರವಲ್ಲ, ಬೇಡಿಕೆ, ಸಿದ್ಧತೆಯ ಖರ್ಚು, ಬದಲಾವಣೆಗೆ ಒಗ್ಗುವ ಶಕ್ತಿ ಈ ಮೂರು. ಗಡಿಭಾಗದ ನಮ್ಮ ಶಾಲೆಗಳಿಗೆ ಮಗ್ಗದ ಮನೆಯ ಮಕ್ಕಳೂ ಬರುತ್ತಾರೆ. ಮೇಲಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಅಂಕಿಗಳನ್ನು ಅವರ ಮನೆಯ ಮಗ್ಗದಿಂದಲೇ ತರಿಸಿದರೆ, ಅರ್ಥಶಾಸ್ತ್ರದ ತತ್ತ್ವವೂ ತಿಳಿಯುತ್ತದೆ. ತಂದೆತಾಯಿಯರ ಕಸುಬು ನಾಚಿಕೆಪಡಬೇಕಾದುದಲ್ಲವೆಂಬ ಅರಿವೂ ಮೂಡುತ್ತದೆ.