ಆಪರೇಷನ್‌ಗೆ ಮೊದಲು ಕೀಮೋ ಏಕೆ?

ಶ್ವಾಸಕೋಶದ ಕ್ಯಾನ್ಸರ್‌ಗೆ ಆಪರೇಷನ್ ಬಿಟ್ಟು ಮೊದಲು ಕೀಮೋ ಬರೆದರೆ, ಡಾಕ್ಟರು ಕೈಚೆಲ್ಲಿದರೆಂದು ಮನೆಯವರು ಭಾವಿಸುವುದುಂಟು. ಹಾಗಲ್ಲ. ಗಡ್ಡೆ ಎದೆಯ ನಡುವಿನ ದುಗ್ಧಗ್ರಂಥಿಗಳಿಗೆ ಹಬ್ಬಿದ್ದು, ದೂರದ ಅಂಗಗಳಿಗೆ ಹೋಗಿಲ್ಲದಿದ್ದರೆ ಅದು ಸಾಮಾನ್ಯವಾಗಿ 3ನೇ ಹಂತ. ಅಂಥವರಲ್ಲಿ ಆಪರೇಷನ್ ತಾಳಬಲ್ಲ ಕೆಲವರಿಗೆ ಮೂರು ವಾರಕ್ಕೊಮ್ಮೆ, 3–4 ಸಲ, ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಇನ್ನೊಂದು ಮದ್ದು ಕೊಡುತ್ತಾರೆ. ಗಡ್ಡೆ ಕುಗ್ಗಿದರೆ ಪೂರ್ತಿ ತೆಗೆಯಲು ಅನುಕೂಲ. ಸ್ಕ್ಯಾನಿಗೆ ಕಾಣದೆ ಬೇರೆಡೆ ಹೊರಟ ಕಣಗಳಿಗೂ ಮದ್ದು ಬೇಗ ಮುಟ್ಟುತ್ತದೆ.

2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 15 ಪ್ರಯೋಗಗಳ 2,385 ರೋಗಿಗಳ ಲೆಕ್ಕ ಪ್ರಕಟಿಸಿತು. ಮೊದಲು ಕೀಮೋ ಪಡೆದವರಲ್ಲಿ 5 ವರ್ಷ ಬದುಕಿದವರು ನೂರಕ್ಕೆ 40ರ ಬದಲು 45. ಐದೇ ಎಂದು ಮೂಗು ಮುರಿಯಬೇಡಿ, ಆ ಐವರಿಗೂ ಮನೆಮಕ್ಕಳಿದ್ದಾರೆ. ಈಗ ಕೆಲವರಿಗೆ ಕೀಮೋ ಜೊತೆ ನಿವೊಲುಮ್ಯಾಬ್‌ನಂಥ ಇಮ್ಯುನೋಥೆರಪಿಯೂ ಉಂಟು. ಫಲ ಹೆಚ್ಚು, ಬೆಲೆಯೂ ವಿಪರೀತ.

ನನಗೆ ಹೆಚ್ಚು ಚಿಂತೆ ಇರುವುದು ನಡುವಿನ ದಿನಗಳದ್ದು. ಎರಡು ಸಲ ಮದ್ದು ಹೋದಮೇಲೆ ಕೆಮ್ಮು ಇಳಿದರೆ, ಗುಣವಾಯಿತೆಂದು ಊರಿಗೆ ಹೋಗಿ ಕುಳಿತುಬಿಡುತ್ತಾರೆ. ಗಡ್ಡೆ ಮತ್ತೆ ಬೆಳೆಯುತ್ತದೆ. ಕೀಮೋ ಮುಗಿದು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಆಪರೇಷನ್ ಆಗಬೇಕು. ನಡುವೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೀಡಿ ಸಿಗರೇಟು ಮೊದಲ ದಿನವೇ ನಿಲ್ಲಲಿ.

ದಾನಿಗಳಲ್ಲಿ ವಿನಂತಿ: ಅರ್ಜಿಯಲ್ಲಿ ಕೀಮೋ ಬಿಲ್ಲು ಮಾತ್ರ ಇದ್ದರೆ “ಆಪರೇಷನ್ ಆಗಲಿ, ಆಮೇಲೆ ನೋಡೋಣ” ಎನ್ನಬೇಡಿ. ಹಣ ಬೇಕಾಗುವುದು ಆಗಲೇ, ಬಸ್ ಚಾರ್ಜಿಗೂ ಸೇರಿ.